ಅಳೆದು ಕೊಟ್ಟ ಅನ್ನ

ನಮ್ಮ ಸೀಮೆಯಲ್ಲಿ ಪುಂಡ ಹುಡುಗರಿಗೆ ಹಿರಿಯರು ಹಾಕುವ ಬೆದರಿಕೆ ಒಂದೇ: 'ಹಿಂಗೇ ಆಡ್ತಿದ್ರೆ ಜೈಲಲ್ಲಿ ಮುದ್ದೆ ಮುರೀತೀಯ ನೋಡಲೇ.' ಚಳ್ಳಕೆರೆ, ಮೊಳಕಾಲ್ಮೂರಿನ ಹುಡುಗ ಇದಕ್ಕೆ ಯಾಕೆ ಹೆದರಬೇಕು? ಮನೆಯಲ್ಲೂ ಅವನು ಮುರಿಯುವುದು ಮುದ್ದೆಯನ್ನೇ. ಭಯ ಇರುವುದು ಮುದ್ದೆಯಲ್ಲಲ್ಲ. ಯಾವ ಹೊತ್ತಿಗೆ, ಯಾವ ಸಾರಿಗೆ, ಎಷ್ಟು ಉಣ್ಣಬೇಕು ಎಂಬುದನ್ನೆಲ್ಲ ಬೇರೆ ಯಾರೋ ಗೊತ್ತುಮಾಡುತ್ತಾರಲ್ಲ, ಅದರಲ್ಲಿ.

ಸೆರೆಮನೆ ಕಂಡು ಬಂದವರು ಹೇಳುವ ಅಡುಗೆಗಳನ್ನು ಗಮನಿಸಿ. ಬ್ಯಾರಕ್ಕಿನಲ್ಲಿ ಒಲೆಯಿಲ್ಲ, ಚಾಕುವಿಲ್ಲ. ಕ್ಯಾಂಟೀನಿನಲ್ಲಿ ಕೊಂಡ ಬಿಸ್ಕತ್ತನ್ನು ಪುಡಿಮಾಡಿ, ಹಾಲಿನಲ್ಲಿ ಕಲಸಿ, ತಟ್ಟೆಯಲ್ಲಿ ಒತ್ತಿಟ್ಟರೆ ಒಬ್ಬರ ಹುಟ್ಟುಹಬ್ಬಕ್ಕೆ ಕೇಕು. ನೀರುನೀರಾದ ಸಾಂಬಾರಿನಿಂದ ಹೋಳುಗಳನ್ನು ಎತ್ತಿ, ಉಪ್ಪಿನಕಾಯಿಯ ಎಣ್ಣೆ ಬೆರೆಸಿ, ಮೇಲೆ ಒಂದು ಹಿಡಿ ಮಿಕ್ಸ್ಚರ್ ಉದುರಿಸಿದರೆ ಪಲ್ಯ. ಹಸಿವಿನಿಂದಲೇ ಇದನ್ನೆಲ್ಲ ಮಾಡುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ಏಳುವುದು, ಮಲಗುವುದು, ಸಾಲಿನಲ್ಲಿ ಕೂತು ಎಣಿಸಿಕೊಳ್ಳುವುದು ಎಲ್ಲವೂ ಗಂಟೆಯ ಪ್ರಕಾರ ನಡೆಯುವ ಕಡೆ, 'ಇದಕ್ಕೆ ಇನ್ನೊಂಚೂರು ಖಾರ ಬೇಕು' ಎಂಬುದೊಂದೇ ಅವರದೇ ಆದ ತೀರ್ಮಾನ.

ಇಲ್ಲದ್ದರಲ್ಲಿ ಅಟ್ಟುಣ್ಣುವ ಕಲೆಯನ್ನು ಈ ಎರಡು ತಾಲ್ಲೂಕಿನ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ನೆಲ ಇದು. ಹುರುಳಿ ಬೇಯಿಸಿದ ಕಟ್ಟು ಸಾರಾಗುತ್ತದೆ, ಕಾಳು ಪಲ್ಯವಾಗುತ್ತದೆ. ಬದುವಿನ ಮೇಲೆ ತಾನಾಗಿ ಹುಟ್ಟಿದ ಅಣ್ಣೆ ಸೊಪ್ಪು ಬಸ್ಸಾರಿಗೆ ಹೋಗುತ್ತದೆ. ರಾತ್ರಿ ಮಿಕ್ಕ ಮುದ್ದೆ ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಡಿದುಕೊಂಡು ಕುಡಿಯಲಿಕ್ಕಾಗುತ್ತದೆ. ಏನೂ ಇಲ್ಲದ ದಿನಕ್ಕೆ ಶೇಂಗಾ ಚಟ್ನಿ ಇದ್ದೇ ಇದೆ. 'ಇದ್ದುದರಲ್ಲೇ ಎಷ್ಟು ರುಚಿ ಮಾಡ್ತಾಳಮ್ಮ' ಎಂದು ನಾವು ಬಾಯಿ ಚಪ್ಪರಿಸುತ್ತೇವೆ. ಈ ಹೊಗಳಿಕೆಯ ಮೇಲೆ ನನಗೆ ಬಹಳ ದಿನದಿಂದ ಗುಮಾನಿ. ಅವಳ ಡಬ್ಬಿಯಲ್ಲಿ ಅಷ್ಟೇ ಯಾಕೆ ಇತ್ತು ಎಂದು ಕೇಳುವ ಕಷ್ಟವನ್ನು ಅದು ತಪ್ಪಿಸಿಬಿಡುತ್ತದೆ. ಕೈದಿಯ ಜಾಣ್ಮೆಯನ್ನು ಮೆಚ್ಚುವಾಗಲೂ ಅಷ್ಟೇ.

ಅಳತೆ ಎಂಥ ಕ್ರೂರ ವಸ್ತು ಎಂಬುದಕ್ಕೆ 1876-78ರ ಬರದ ಒಂದು ಸಂಗತಿ ಸಾಕು. ನೆರೆಯ ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1877ರಲ್ಲಿ ಬ್ರಿಟಿಷ್ ಸರ್ಕಾರದ ಬರ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ಆ ಪ್ರಾಂತ್ಯದ ಬರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನದ ಕೂಲಿಯನ್ನು ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಒಂದಿಷ್ಟು ಪುಡಿಗಾಸು ಎಂದು ಇಳಿಸಿದರು. ಒಂದು ಪೌಂಡ್ ಎಂದರೆ ಅರ್ಧ ಕಿಲೋ ಕೂಡ ಅಲ್ಲ. ಜೈಲಿನ ಪಡಿ ಇದಕ್ಕಿಂತ ಹೆಚ್ಚಿತ್ತು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನು ಪ್ರತಿಭಟಿಸಿದರು. ಒಳಗೆ ಹೋದರೆ ಕೂಳಾದರೂ ಸಿಕ್ಕೀತೆಂದು ಬೇಕೆಂದೇ ಕದ್ದು ಸಿಕ್ಕಿಬಿದ್ದವರೂ ಆ ಬರದಲ್ಲಿ ಇದ್ದರು. ಕಲ್ಲು ಹೊರುವ ನಿರಪರಾಧಿಗೆ ಕಳ್ಳನಷ್ಟೂ ಅನ್ನವಿಲ್ಲದ ಕಾಲ ಅದು.

ಕೊಡುವವನು ಯಾರು ಎಂಬುದು ಎಷ್ಟು ಮುಖ್ಯ ಎಂದು ಗಾಂಧಿಗೆ ಗೊತ್ತಿತ್ತು. 1908ರಲ್ಲಿ ದಕ್ಷಿಣ ಆಫ್ರಿಕಾದ ಫೋಕ್ಸ್‌ರಸ್ಟ್ ಜೈಲಿನಲ್ಲಿ ಅವರೇ ಅಡುಗೆಯವರು. ಕೈರುಚಿಗಾಗಿ ಅಲ್ಲ, ಪಡಿಯ ವಿಷಯದಲ್ಲಿ ಬರುವ ತಕರಾರನ್ನು ತೀರಿಸಬಲ್ಲವರು ಅವರೊಬ್ಬರೇ ಆಗಿದ್ದರು. ಸಕ್ಕರೆಯಿಲ್ಲದ, ಅರೆಬೆಂದ ಗಂಜಿಯನ್ನು ಜೊತೆಯ ಸತ್ಯಾಗ್ರಹಿಗಳು ಪ್ರೀತಿಯಿಂದ ಸುಮ್ಮನೆ ನುಂಗಿದರು ಎಂದು ಅವರೇ ಬರೆದುಕೊಂಡಿದ್ದಾರೆ. ಅಡುಗೆ ಕೆಟ್ಟಿತ್ತು, ಹಂಚಿಕೆ ಸರಿಯಿತ್ತು.

ನಮ್ಮ ದೇಶದ ಜೈಲುಗಳಲ್ಲಿ ಸೌಟು ಯಾರ ಕೈಗೆ ಎಂಬುದನ್ನು ಬಹುಕಾಲ ಜಾತಿ ಹೇಳಿತು. ಅಡುಗೆಗೆ 'ತಕ್ಕ ಜಾತಿ'ಯವರು, ಗುಡಿಸಲು ಮತ್ತೊಂದು ಜಾತಿಯವರು ಎಂದು ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲೇ ಅಚ್ಚಾಗಿತ್ತು. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ಅಂಥ ನಿಯಮಗಳನ್ನು ರದ್ದು ಮಾಡಿತು. ಊರಿನಲ್ಲಿ ಒಲೆಯ ಹತ್ತಿರ ಯಾರು ಬರಬೇಕು, ಯಾರು ಹೊಸ್ತಿಲಾಚೆ ನಿಲ್ಲಬೇಕು ಎಂದು ಇವತ್ತಿಗೂ ಲೆಕ್ಕ ಹಾಕುವ ನಮಗೆ ಆ ತೀರ್ಪು ಜೈಲಿನ ಬಗ್ಗೆ ಮಾತ್ರ ಎಂದುಕೊಳ್ಳುವ ಅನುಕೂಲ ಇದೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಪ್ರಾಣಿದಯೆಯ ಮಾತು ಕೊರೆಸಿದ ಅಶೋಕ, ಬೇರೆಡೆಯ ಶಾಸನಗಳಲ್ಲಿ ತನ್ನ ಅಡುಗೆಮನೆಯಲ್ಲಿ ದಿನಕ್ಕೆಷ್ಟು ಪ್ರಾಣಿ ಕೊಲ್ಲುತ್ತಾರೆಂಬ ಲೆಕ್ಕವನ್ನೂ ಒಪ್ಪಿಸಿದ್ದಾನೆ, ಕೈದಿಗಳ ಕ್ಷೇಮ ನೋಡಲು ಧರ್ಮಮಹಾಮಾತ್ರರೆಂಬ ಅಧಿಕಾರಿಗಳು ಇದ್ದಾರೆಂದೂ ಹೇಳಿದ್ದಾನೆ. ಸೆರೆಮನೆಯ ಒಳಗನ್ನು ಹೊರಗಿನವರು ಹೋಗಿ ನೋಡಬೇಕು ಎಂಬುದು ಅಷ್ಟು ಹಳೆಯ ವಿಚಾರ. ಸುಪ್ರೀಂ ಕೋರ್ಟು ಅದೇ ತೀರ್ಪಿನಲ್ಲಿ ಆ ಹೊಣೆಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಜೈಲು ಸಂದರ್ಶಕರ ಮಂಡಳಿಗೂ ಕೊಟ್ಟಿದೆ. ಒಳಗಿರುವವರೆಲ್ಲ ಅಪರಾಧಿಗಳೂ ಅಲ್ಲ: ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲಿನವರ ಅಪರಾಧ ಇನ್ನೂ ಸಾಬೀತಾಗಿಲ್ಲ. ನಮ್ಮ ಜಿಲ್ಲೆಯಲ್ಲೂ ಆ ಭೇಟಿಗಳು ನಡೆಯಲಿ, ಹೋದವರು ರಿಜಿಸ್ಟರಿಗೆ ಸಹಿ ಹಾಕಿ ಬರದೆ ಅಡುಗೆಮನೆಗೆ ಹೋಗಿ, ಬಡಿಸಿದ್ದನ್ನು ಕೂತು ಉಂಡು ಬರಲಿ.