ಗ್ರಂಥ, ಖಡ್ಗ ಮತ್ತು ಒಬ್ಬ ಹುಡುಗಿ

ಚೀನಾದ ಕತ್ತಿವರಸೆಯ ಕಾದಂಬರಿಗಳಲ್ಲಿ ಬರುವ ಲೋಕವನ್ನು ಅವರು ಜಿಯಾಂಗ್‌ಹು ಎನ್ನುತ್ತಾರೆ. ನದಿ, ಸರೋವರ ಎಂದು ಅದರ ಅಕ್ಷರಾರ್ಥ. ಅಲ್ಲಿ ದೊರೆಯ ಕಾನೂನಿಗಿಂತ ಗುರುವಿನ ಅಪ್ಪಣೆ, ಗೆಳೆತನದ ಋಣ, ಆಡಿದ ಮಾತು ದೊಡ್ಡವು. ಅಮೀರ್ ಹಂಝಾರ ದಾಸ್ತಾನುಗಳನ್ನು ಕೇಳಿ ಬೆಳೆದ ನಮಗೆ ಗಾಳಿಯಲ್ಲಿ ಹಾರುವ ವೀರರೇನೂ ಹೊಸಬರಲ್ಲ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆ ಮಾತಿನ ಸಂಗತಿ.

ಹಂದನಕೆರೆಯ ಕಡೆ ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನಬೇಕು. ಕೊಬ್ಬರಿ ಕೊಟ್ಟ ತೋಟದವರು "ತಿಪಟೂರಿಗೆ ಹೋಗಿ ಬಂದ ಮೇಲೆ ದುಡ್ಡು ಕೊಡಿ ಸಾಬರೆ" ಎಂದರೆ ನಮ್ಮ ಹಿರಿಯರಿಗೆ ಅದೇ ಪತ್ರ, ಅದೇ ಸಾಕ್ಷಿ. ಜಬಾನ್ ಎಂದರೆ ಜೀವ ಎಂದು ತಿಳಿದಿದ್ದವರು ಅವರು. ಈಗ ಎಲ್ಲದಕ್ಕೂ ಚೀಟಿ ಬಂದಿದೆ. ಅದು ಒಳ್ಳೆಯದೇ, ಮಾತಿಗೆ ತಪ್ಪಿದವರಿಂದ ಕೆಟ್ಟ ಮನೆಗಳನ್ನೂ ನಾವು ನೋಡಿದ್ದೇವೆ.

ಆದರೆ ತನ್ನ ಮಾತನ್ನು ಉಳಿಸಿಕೊಳ್ಳಲು ಮನುಷ್ಯ ಇನ್ನೊಬ್ಬರ ಬದುಕನ್ನು ಕೊಡಬಹುದೆ? ಜಿನ್ ಯೊಂಗ್ ಎಂಬ ಹೆಸರಿನಲ್ಲಿ ಬರೆದ ಲೂಯಿ ಚಾ (1924-2018) ಅವರ ಮೊದಲ ಕಾದಂಬರಿ, 1955ರಲ್ಲಿ ಹಾಂಕಾಂಗಿನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಆರಂಭವಾದ 'ಗ್ರಂಥ ಮತ್ತು ಖಡ್ಗ', ಇದನ್ನೇ ಕೇಳುತ್ತದೆ. ಗ್ರಂಥವೆಂದರೆ ಕುರ್‌ಆನ್! ಕಳವಾದ ತಮ್ಮ ಪವಿತ್ರ ಪ್ರತಿಯನ್ನು ಮರಳಿ ಪಡೆಯಲು ಗಡಿನಾಡಿನ ಮುಸ್ಲಿಮರು ಬರುತ್ತಾರೆ. ಮಂಚು ದೊರೆಗಳ ವಿರುದ್ಧ ಸಂಚು ಹೂಡಿದ ಗುಪ್ತಸಂಘದ ನಾಯಕ ಚೆನ್ ಜಿಯಾಲುವೊ ಅವರ ನೆರವಿಗೆ ನಿಲ್ಲುತ್ತಾನೆ. ಅವರ ಕುಲದ ಹುಡುಗಿಯೊಬ್ಬಳು ಅವನನ್ನು ಪ್ರೀತಿಸುತ್ತಾಳೆ. ಚಕ್ರವರ್ತಿಗೂ ಅವಳೇ ಬೇಕು. ನಾಡಿನ ಬಿಡುಗಡೆಯ ಆಸೆಯಿಂದ ಚೆನ್ ಅವಳನ್ನು ಒಪ್ಪಿಸಿ ಕಳಿಸುತ್ತಾನೆ. ಚಕ್ರವರ್ತಿ ಮೋಸ ಮಾಡುತ್ತಾನೆ. ಅದನ್ನು ಅರಿತ ಅವಳು ಮಸೀದಿಯಲ್ಲಿ ಪ್ರಾಣ ಬಿಟ್ಟು ಚೆನ್‌ನಿಗೆ ಎಚ್ಚರಿಕೆ ಮುಟ್ಟಿಸುತ್ತಾಳೆ. ಆತ್ಮಹತ್ಯೆ ನಮ್ಮಲ್ಲಿ ನಿಷಿದ್ಧ. ಆದರೂ ಪುಟ ಮುಚ್ಚಿದಾಗ ನಮಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ. ಅವಳು ಒಪ್ಪಿದಳಲ್ಲ ಎನ್ನುವವರಿದ್ದಾರೆ. ತಾನು ನಂಬಿದವನೇ ಎದುರು ನಿಂತು ಕೇಳಿದಾಗ, ಬೇಡ ಎನ್ನಲು ಅವಳಿಗೆ ಜಾಗ ಎಲ್ಲಿತ್ತು?

2022ರಲ್ಲಿ ನಮಗೆ ಈ ಕಥೆ ಮತ್ತೆ ನೆನಪಾಯಿತು. ಫೆಬ್ರವರಿ 5ರಂದು ಸಮವಸ್ತ್ರದ ಸರ್ಕಾರಿ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಬಾಗಿಲು ಮುಚ್ಚಿದವರ ತಪ್ಪು ದೊಡ್ಡದು, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ನಾವೂ ಹಿರಿಯರಂತೆ ಚಾಪೆಯ ಮೇಲೆ ಕುಳಿತು ಹದಿನಾರು ಹದಿನೇಳರ ಮಕ್ಕಳ ಹಣೆಬರಹ ಮಾತಾಡಿದೆವು. "ಕೌಮಿನ ಮಾನದ ಪ್ರಶ್ನೆ, ಸ್ವಲ್ಪ ತಾಳಮ್ಮ" ಎಂದೆವು. ಮಾನ ನಮ್ಮದು, ಪರೀಕ್ಷೆ ಅವಳದು.

ನೆಂಟರ ಮನೆಯ ಹುಡುಗಿಯೊಬ್ಬಳು ಆ ವರ್ಷ ಓದು ಬಿಟ್ಟು ಮನೆಯಲ್ಲೇ ಉಳಿದಳು. ಮೊನ್ನೆ ಹೋದಾಗ ಅಟ್ಟದಿಂದ ಇಳಿಸಿದ ಕೊಬ್ಬರಿಯ ಲೆಕ್ಕ ಬರೆಯುತ್ತಿದ್ದಳು. ಅಕ್ಷರ ಮುತ್ತಿನಂತಿದೆ. "ಮತ್ತೆ ಪರೀಕ್ಷೆ ಕಟ್ಟಬಹುದಲ್ಲಮ್ಮ" ಎಂದೆವು. "ಈ ಸಲ ಯಾರನ್ನು ಕೇಳಬೇಕು, ಮಾಮೂ?" ಎಂದಳು. ಚಹಾ ಆರುವವರೆಗೂ ನಮ್ಮ ಬಾಯಿಂದ ಮಾತು ಹೊರಡಲಿಲ್ಲ.