ಬಾಯಿಲ್ಲದ ಸಾಕ್ಷಿ

ಹೊರಡಲು ಎಲ್ಲ ಸಿದ್ಧವಾಗಿದ್ದಾಗ ಬಿರುಗಾಳಿ ಬಂತು. 1960ರ ಸೆಪ್ಟೆಂಬರ್ 12. ನ್ಯೂಯಾರ್ಕಿನಿಂದ ಪೂರ್ವಕ್ಕೆ ಅಟ್ಲಾಂಟಿಕ್ ಸಾಗರದೊಳಗೆ ಉದ್ದಕ್ಕೆ ಚಾಚಿಕೊಂಡಿರುವ ಲಾಂಗ್ ಐಲೆಂಡಿನ ತುದಿಯ ಹತ್ತಿರ ಸ್ಯಾಗ್ ಹಾರ್ಬರ್ ಎಂಬ ಊರಿದೆ, ಒಂದು ಕಾಲಕ್ಕೆ ತಿಮಿಂಗಿಲ ಬೇಟೆಗೆ ಹೆಸರಾಗಿದ್ದ ಬಂದರು. ಅಲ್ಲಿ ನೀರಂಚಿನ ಮನೆಯಲ್ಲಿ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಇಡೀ ಅಮೆರಿಕ ಸುತ್ತಲು ಗಂಟುಮೂಟೆ ಕಟ್ಟಿಕೊಂಡಿದ್ದ. ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಅವನ ಪುಟ್ಟ ದೋಣಿಗೆ ಅಕ್ಕಪಕ್ಕದ ದೋಣಿಗಳು ಬಂದು ಗುದ್ದತೊಡಗಿದವು. ಹೆಂಡತಿ ಎಲೇನ್ ಬೇಡ ಬೇಡವೆಂದು ಕೂಗಿದಳು. ಅವನು ಕಿವಿಗೆ ಹಾಕಿಕೊಳ್ಳದೆ ನೀರಿಗಿಳಿದ, ಉಕ್ಕುವ ಅಲೆಗಳ ನಡುವೆ ದೋಣಿ ಹತ್ತಿದ, ಅದನ್ನು ದೂರಕ್ಕೆ ನಡೆಸಿ ಮತ್ತೆ ಲಂಗರು ಹಾಕಿದ. ದೋಣಿ ಉಳಿಯಿತು. ಆಮೇಲೆ ಗೊತ್ತಾಯಿತು, ದಡಕ್ಕೆ ಮರಳುವ ದಾರಿ ಯೋಚಿಸಿರಲಿಲ್ಲವೆಂದು! ಮತ್ತೆ ನೀರಿಗೆ ಹಾರಿ, ತೇಲಿ ಬರುತ್ತಿದ್ದ ಮರದ ಕೊಂಬೆಯೊಂದನ್ನು ಅವಚಿಕೊಂಡು ಗಾಳಿ ತಳ್ಳಿದ ಹಾಗೆ ದಡ ಸೇರಿದ.

ಆಗ ಅವನಿಗೆ 58. ಹಿಂದಿನ ಚಳಿಗಾಲದಲ್ಲಿ ಕಾಯಿಲೆ ಬಿದ್ದು ಎದ್ದಿದ್ದ. ಭಾರ ಎತ್ತಬೇಡಿ, ಓಡಾಡಬೇಡಿ, ಸಾಕಿನ್ನು ಎಂದು ಎಲ್ಲರೂ ಹೇಳುವವರೇ. ಹೇಳಿದರೂ ಕೇಳದ ಇಂಥವರು ನಮ್ಮಲ್ಲೂ ಮನೆಗೊಬ್ಬರಿದ್ದಾರೆ. ಹೆಂಚು ಸರಿಸಲು ಮಾಡು ಹತ್ತಬೇಡಿ ಅಂದರೆ ಮುಂಗಾರಿನ ಮೊದಲ ಮಳೆಗೆ ಏಣಿ ಹುಡುಕುವ ಹಿರಿಯರು. ಸ್ಟೈನ್‌ಬೆಕ್ ಆ ಜಾತಿ. ದೇಶ ಸುತ್ತುವ ಯೋಚನೆಯೇ ಅರ್ಧ ಈ ಹಟದಿಂದ ಹುಟ್ಟಿದ್ದು ಅಂತ ನನಗನ್ನಿಸುತ್ತದೆ.

ಆ ಗಾಳಿಗೆ ಡೋನಾ ಎಂದು ಹೆಸರು. ಆಗಸ್ಟ್ ಕೊನೆಗೆ ಆಫ್ರಿಕಾದ ಕಡೆಯಿಂದ ಹೊರಟು ಅಟ್ಲಾಂಟಿಕ್ ದಾಟಿ, ಫ್ಲಾರಿಡಾದ ತುದಿಯ ದ್ವೀಪಗಳನ್ನು ಸೆಪ್ಟೆಂಬರ್ 10ರಂದು ಬಡಿದು, ಉತ್ತರ ಕ್ಯಾರೊಲಿನಾ ಹಾಯ್ದು, ಲಾಂಗ್ ಐಲೆಂಡ್ ಮತ್ತು ನ್ಯೂ ಇಂಗ್ಲೆಂಡ್ ತನಕ ಚಂಡಮಾರುತದ ವೇಗದಲ್ಲೇ ಬಂದ ಅಪರೂಪದ ಬಿರುಗಾಳಿ. ಹಾವಳಿ ಎಷ್ಟಿತ್ತೆಂದರೆ ಆ ಹೆಸರನ್ನು ಮತ್ತೆ ಯಾವ ಅಟ್ಲಾಂಟಿಕ್ ಚಂಡಮಾರುತಕ್ಕೂ ಇಡಲಿಲ್ಲ. ಈ ವಿವರಕ್ಕೆ ಹವಾಮಾನದವರ ದಾಖಲೆ ಇದೆ, ಯಾರೂ ಅನುಮಾನಿಸುವಂತಿಲ್ಲ. ಇದನ್ನು ಈಗಲೇ ಹೇಳಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಬಿರುಗಾಳಿ ಬಡಿದ ಹನ್ನೊಂದು ದಿನಕ್ಕೆ, 23ರಂದು, ಗಾಡಿ ಹೊರಟಿತು. ಜಿಎಂಸಿ ಕಂಪನಿಯ ಪಿಕಪ್ ಟ್ರಕ್ಕು. ಅದರ ಬೆನ್ನ ಮೇಲೆ ಹಡಗಿನ ಕೋಣೆಯಂಥದೊಂದು ಪುಟ್ಟ ಮನೆ. ಮಂಚ, ನಾಲ್ಕು ಉರಿಗಳ ಒಲೆ, ಫ್ರಿಜ್ಜು, ಕಿಟಕಿಗೆ ಸೊಳ್ಳೆಪರದೆ. ಡಾನ್ ಕ್ವಿಕ್ಸಾಟನ ಬಡಕಲು ಕುದುರೆಯ ನೆನಪಿಗೆ ರೊಸಿನಾಂಟೆ ಎಂದು ಹೆಸರಿಟ್ಟು ಅದರ ಪಕ್ಕೆಯ ಮೇಲೆ ಬರೆಸಿದ್ದ. ಆಮೇಲೆ ಈ ಪಯಣದ ಪುಸ್ತಕದಲ್ಲಿ ಗಾಡಿಯ ಬಗ್ಗೆ ಅವನು ಬರೆದದ್ದರಲ್ಲಿ ನನಗೆ ಅತಿ ಪ್ರಿಯವಾದದ್ದು ಬಟ್ಟೆ ಒಗೆಯುವ ಉಪಾಯ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದೊಳಗೆ ಬಟ್ಟೆ, ನೀರು, ಸೋಪು ಹಾಕಿ ಎಳೆದರೆ ಹಿಗ್ಗುವ ಹಗ್ಗದಿಂದ ಅದನ್ನು ತೂಗುಹಾಕುವುದು. ದಿನವಿಡೀ ಗಾಡಿ ಕುಲುಕಿದಂತೆಲ್ಲ ಬಟ್ಟೆ ತಾನೇ ಒಗೆದುಕೊಳ್ಳುತ್ತದೆ. ರಸ್ತೆ ಕೆಟ್ಟಷ್ಟೂ ಬಟ್ಟೆ ಬಿಳಿ. ನಮ್ಮ ಕೆಲವು ರಸ್ತೆಗಳಲ್ಲಾದರೆ ಹತ್ತೇ ಕಿಲೋಮೀಟರಿಗೆ ಕಂಬಳಿಯೂ ಹಸನಾದೀತು.

ಜೊತೆಗೆ ಚಾರ್ಲಿ. ಪ್ಯಾರಿಸ್ಸಿನ ಹತ್ತಿರ ಹುಟ್ಟಿದ, ಹತ್ತು ವರ್ಷದ ಎತ್ತರದ ಪೂಡಲ್. ಫ್ರೆಂಚಿನಲ್ಲಿ ಹೇಳಿದರೆ ತಕ್ಷಣ ಮಾಡುತ್ತಾನೆ, ಇಂಗ್ಲಿಷಿನಲ್ಲಿ ಹೇಳಿದರೆ ಮನಸ್ಸಿನಲ್ಲೇ ಅನುವಾದಿಸಿಕೊಳ್ಳುವಷ್ಟು ತಡ ಮಾಡುತ್ತಾನೆ ಎಂಬುದು ಯಜಮಾನನ ವಿವರಣೆ. ಮುಂದಿನ ಹಲ್ಲುಗಳು ಸೊಟ್ಟಗಿದ್ದುದರಿಂದ ಅವನಿಗೆ ಒಂದು ವ್ಯಂಜನ ಉಚ್ಚರಿಸಲು ಬರುತ್ತಿತ್ತಂತೆ. 'ಫ್ಟ್' ಎಂದರೆ, ಗಾಡಿ ನಿಲ್ಲಿಸು, ಒಂದು ಪೊದೆಗೆ ಮರ್ಯಾದೆ ಸಲ್ಲಿಸಬೇಕಿದೆ ಎಂದರ್ಥ.

ಒಂಟಿಯಾಗಿ ಗಾಡಿಯಲ್ಲಿ ತಿರುಗುವ ಗಂಡಸನ್ನು ಕಂಡರೆ ಯಾವ ಊರಲ್ಲೂ ಜನ ಸ್ವಲ್ಪ ಹಿಂದೆ ಸರಿಯುತ್ತಾರೆ. ಪಕ್ಕದಲ್ಲಿ ನಾಯಿ ಇದ್ದರೆ ಮುಂದೆ ಬರುತ್ತಾರೆ. ಸ್ಟೈನ್‌ಬೆಕ್ ಇದನ್ನು ತಂತ್ರವಾಗಿಯೇ ಬಳಸಿದ. ಮೇನ್ ರಾಜ್ಯದ ಆಲೂಗಡ್ಡೆ ಹೊಲಗಳಿಗೆ ಕೆನಡಾದಿಂದ ಫ್ರೆಂಚ್ ಮಾತಾಡುವ ಕೂಲಿ ಕುಟುಂಬಗಳು ಬಂದು ಬಿಡಾರ ಹೂಡಿದ್ದವು. ಇವನು ಸಮೀಪದಲ್ಲಿ ಗಾಡಿ ನಿಲ್ಲಿಸಿ ಚಾರ್ಲಿಯನ್ನು ಬಿಟ್ಟ. ಅವರ ಅಡುಗೆಯ ವಾಸನೆ ಹಿಡಿದು ನಾಯಿ ಹೋಯಿತು. ತೊಂದರೆ ಕೊಟ್ಟಿತೇನೋ ಎಂದು ಕ್ಷಮೆ ಕೇಳುವ ನೆಪದಲ್ಲಿ ಇವನೂ ಹೋದ. ಆ ಸಂಜೆ ರೊಸಿನಾಂಟೆಯೊಳಗೆ ಎಲ್ಲರೂ ಒತ್ತೊತ್ತಾಗಿ ಕೂತು ಅವನು ಜೋಪಾನ ಮಾಡಿಟ್ಟಿದ್ದ ಬ್ರಾಂದಿ ಮುಗಿಸಿದರು.

ಮಳೆಗಾಲದಲ್ಲಿ ನಾಯಿ ಸಾಕಿದವರಿಗೆ ಈ ಪುಸ್ತಕದ ಒದ್ದೆ ದಿನಗಳು ಬೇಗ ಅರ್ಥವಾಗುತ್ತವೆ. ತಗಡಿನ ಮೇಲೆ ಮಳೆ ಬಡಿಯುತ್ತಿರುವಾಗ ಒಳಗೆ ಬೆಚ್ಚಗೆ ಮಲಗಿ ಒಂಟಿತನದ ಬಗ್ಗೆ ಧ್ಯಾನಿಸೋಣವೆಂದರೆ ಬಾಗಿಲ ಬಳಿ ಒಂದು ಮೂತಿ ನಿಂತಿರುತ್ತದೆ. ಬಾಗಿಲು ತೆಗೆದರೆ ಮಳೆಯನ್ನು ನೋಡುತ್ತದೆ, ಆಮೇಲೆ ತಿರುಗಿ ನಿಮ್ಮನ್ನು ನೋಡುತ್ತದೆ. ಈ ಮಳೆ ನೀವೇ ಬರಿಸಿದ್ದು, ಈಗ ನೀವೇ ನಿಲ್ಲಿಸಬೇಕು ಎಂಬ ನೋಟ ಅದು. ತೇಜಸ್ವಿಯವರ ನಾಯಿ 'ಕಿವಿ'ಯ ಬಗ್ಗೆ ಓದುತ್ತ ಬೆಳೆದ ನಮಗೆ ಚಾರ್ಲಿ ಹೊಸಬನೇನಲ್ಲ. ಇಬ್ಬರೂ ಯಜಮಾನರ ಗಾಂಭೀರ್ಯಕ್ಕೆ ಸೊಪ್ಪು ಹಾಕುವವರಲ್ಲ. ನಾಯಿಯ ಸಂಗಡ ಕೊನೆಯ ದಾರಿ ನಡೆದ ಧರ್ಮರಾಯನ ಕಥೆಯೂ ನೆನಪಾಗದೆ ಇರದು. ಅಲ್ಲಿ ನಾಯಿ ಕೊನೆಗೆ ಯಮಧರ್ಮನಾಗುತ್ತದೆ. ಚಾರ್ಲಿ ಕೊನೆಯವರೆಗೂ ನಾಯಿಯಾಗಿಯೇ ಉಳಿದ. ಬೆಕ್ಕನ್ನು ಕಂಡರೂ ಸುಮ್ಮನಿರುವ ಸಾಧು ಪ್ರಾಣಿ ಯೆಲ್ಲೋಸ್ಟೋನ್ ಕಾಡಿನಲ್ಲಿ ಕರಡಿಯನ್ನು ಕಂಡದ್ದೇ ಹುಚ್ಚೆದ್ದು, ಗಾಡಿಯೊಳಗೇ ಎಷ್ಟು ರಂಪ ಮಾಡಿದನೆಂದರೆ ಸ್ಟೈನ್‌ಬೆಕ್ ಪ್ರಪಂಚ ಪ್ರಸಿದ್ಧ ತಾಣವನ್ನು ನೋಡದೆ ಗಾಡಿ ತಿರುಗಿಸಿದ.

ಪಶ್ಚಿಮದ ತೀರದಲ್ಲಿ, ಓರೆಗಾನ್ ರಾಜ್ಯದಲ್ಲಿ, ಒಂದು ಭಾನುವಾರ ಧೋ ಎಂದು ಮಳೆ. ಪುಸ್ತಕ, ಸಾಮಾನು, ನೀರು ಅಂತ ಅಳತೆ ಮೀರಿ ಭಾರ ಹೊತ್ತಿದ್ದ ರೊಸಿನಾಂಟೆಯ ಹಿಂದಿನ ಟೈರು ಸಿಡಿಯಿತು. ಕೆಸರು ನೀರಿನಲ್ಲಿ ಮಲಗಿಕೊಂಡು ಜಾಕ್ ಏರಿಸಿ ಟೈರು ಬದಲಾಯಿಸಬೇಕಾಯಿತು. ಇನ್ನೊಂದು ಟೈರೂ ಇನ್ನೇನು ಹೋಗುವುದರಲ್ಲಿತ್ತು. ಕುಂಟುತ್ತ ಒಂದು ಚಿಕ್ಕ ಊರಿನ ಪೆಟ್ರೋಲ್ ಬಂಕ್ ತಲುಪಿದರೆ ಅಲ್ಲಿ ಮುಖದ ಮೇಲೆ ಗಾಯದ ಗುರುತು, ಒಂದು ಕಣ್ಣು ಬೆಳ್ಳಗಾಗಿರುವ, ನೋಡಿದರೆ ಭಯವಾಗುವ ಆಸಾಮಿ. ಆ ಮನುಷ್ಯ ರಜೆಯ ದಿನ, ಅಂಥ ಮಳೆಯಲ್ಲಿ, ಎಲ್ಲೆಲ್ಲಿಗೋ ಫೋನು ಮಾಡಿ ಆ ಗಾಡಿಗೆ ಸರಿಹೊಂದುವ ಗಟ್ಟಿ ಟೈರುಗಳನ್ನು ತರಿಸಿಕೊಟ್ಟ. ದುಡ್ಡಿಗಿಂತ ಹೆಚ್ಚಿನದೇನನ್ನೋ ಕೊಟ್ಟು ಹೋದವನ ಬಗ್ಗೆ ಬರೆಯುವಾಗ ಸ್ಟೈನ್‌ಬೆಕ್‌ನ ಕೈ ಸ್ವಲ್ಪ ನಡುಗುತ್ತದೆ. ಪುಸ್ತಕದ ಒಳ್ಳೆಯ ಪುಟಗಳಲ್ಲಿ ಅದೊಂದು.

ಈಗ ಸಾಕ್ಷಿಯ ಮಾತು. ಆ ಪುಸ್ತಕ, 'ಟ್ರಾವೆಲ್ಸ್ ವಿತ್ ಚಾರ್ಲಿ', 1962ರಲ್ಲಿ ಹೊರಬಂತು. ಅದೇ ವರ್ಷ ಲೇಖಕನಿಗೆ ನೊಬೆಲ್. ಅರ್ಧ ಶತಮಾನ ಜನ ಅದನ್ನು ಒಂಟಿ ಪಯಣದ ನೇರ ವರದಿ ಎಂದೇ ಓದಿದರು. 2010ರಲ್ಲಿ ಬಿಲ್ ಸ್ಟೈಗರ್‌ವಾಲ್ಡ್ ಎಂಬ ಪತ್ರಕರ್ತ ಅದೇ ದಾರಿಯಲ್ಲಿ ಗಾಡಿ ಓಡಿಸಿ, ಪತ್ರಗಳನ್ನೂ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿರುವ ಹಸ್ತಪ್ರತಿಯನ್ನೂ ಪುಸ್ತಕದೊಂದಿಗೆ ತಾಳೆ ನೋಡಿದ. ಒಂಟಿಯಾಗಿದ್ದ ದಿನಗಳು ಕಡಿಮೆ, ಗಾಡಿಯಲ್ಲಿ ಮಲಗಿದ ರಾತ್ರಿಗಳು ಇನ್ನೂ ಕಡಿಮೆ, ದಾರಿಯಲ್ಲಿ ಸಿಕ್ಕವರೆಂದು ಹೇಳಿದ ಕೆಲವರಾದರೂ ಲೇಖಕನ ತಲೆಯಲ್ಲಿ ಹುಟ್ಟಿದವರು ಎಂಬುದು ಅವನ ತೀರ್ಮಾನ. ಪುಸ್ತಕದ ಐವತ್ತನೆಯ ವರ್ಷದ ಮುದ್ರಣಕ್ಕೆ ಮುನ್ನುಡಿ ಬರೆದ ಜೇ ಪ್ಯಾರಿನಿ, ಸ್ಟೈನ್‌ಬೆಕ್‌ನ ಜೀವನಚರಿತ್ರಕಾರ, ಇದನ್ನು ಅಕ್ಷರಶಃ ನಂಬಬೇಡಿ ಎಂದು ಓದುಗರನ್ನು ಎಚ್ಚರಿಸಿದರು.

ಹೀಗೆ ಎಚ್ಚರಿಸಿದ ಮೇಲೆ ಮತ್ತೆ ಓದಲು ಕೂತೆ. ಹೇಳುವುದಕ್ಕೆ ಒಬ್ಬನೇ ಸಾಕ್ಷಿ, ಅವನಿಗೋ 'ಫ್ಟ್' ಬಿಟ್ಟು ಬೇರೆ ಮಾತು ಬಾರದು. ಸರಿ, ಯಾವುದು ನಿಜವೆಂದು ನಿಲ್ಲುತ್ತದೆ? ಬಿರುಗಾಳಿ ನಿಲ್ಲುತ್ತದೆ, ಅದರ ದಾರಿಯೇ ನಕ್ಷೆಯಲ್ಲಿದೆ. ಚಾರ್ಲಿಯ ಕಾಯಿಲೆಯೂ ನಿಲ್ಲುತ್ತದೆ ಎನ್ನುವೆ: ಮೂತ್ರ ಕಟ್ಟಿ ನರಳುವ ಮುದಿನಾಯಿ, ರಾತ್ರಿಯಿಡೀ ಪಕ್ಕದಲ್ಲಿ ಏನೂ ತೋಚದೆ ಕೂತ ಯಜಮಾನ, ಕೈ ನಡುಗುವ ಒಬ್ಬ ವೈದ್ಯ, ಮುಂದೆ ಟೆಕ್ಸಸ್‌ನಲ್ಲಿ ಸಿಕ್ಕ ಇನ್ನೊಬ್ಬ ಒಳ್ಳೆಯ ವೈದ್ಯ. ಕಥೆ ಕಟ್ಟುವವನು ನಾಯಿಗೆ ಬೇರೆ ಏನಾದರೂ ಕಟ್ಟಿಯಾನು, ಮೂತ್ರದ ತೊಂದರೆ ಕಟ್ಟಲಾರ.

ನ್ಯೂ ಆರ್ಲೀನ್ಸ್ ಕೂಡ ನಿಲ್ಲುತ್ತದೆ. ಆ ನವೆಂಬರಿನಲ್ಲಿ ಅಲ್ಲಿ ಬಿಳಿಯರ ಶಾಲೆಗೆ ರೂಬಿ ಬ್ರಿಜಸ್ ಎಂಬ ಆರು ವರ್ಷದ ಕರಿಯ ಹುಡುಗಿ ಕೇಂದ್ರ ಸರ್ಕಾರದ ಮಾರ್ಷಲ್‌ಗಳ ಕಾವಲಿನಲ್ಲಿ ಕಾಲಿಟ್ಟಿದ್ದಳು. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಮಗುವಿನ ಮೇಲೆ ಹೊಲಸು ಮಾತು ಕಾರುವ ಗೃಹಿಣಿಯರ ಗುಂಪು, ಅದಕ್ಕೆ ಚಪ್ಪಾಳೆ ತಟ್ಟುವ ಜನ. ಸ್ಟೈನ್‌ಬೆಕ್ ಗಾಡಿಯನ್ನೂ ನಾಯಿಯನ್ನೂ ದೂರದಲ್ಲಿ ಬಿಟ್ಟು ಟ್ಯಾಕ್ಸಿಯಲ್ಲಿ ಹೋಗಿ ನೋಡಿದ. ಪುಸ್ತಕದ ಅತ್ಯಂತ ನಂಬಲರ್ಹ ಅಧ್ಯಾಯವದು. ತಮಾಷೆಯೆಂದರೆ, ಚಾರ್ಲಿ ಅಲ್ಲಿರಲೇ ಇಲ್ಲ. ಕ್ಯಾಮೆರಾಗಳಿದ್ದವು.

ಓರೆಗಾನಿನ ಮಳೆ? ಇಲ್ಲಿ ನನಗೆ ತೊಡಕಾಯಿತು. ಪುಸ್ತಕದಲ್ಲಿ ಆ ಕೆಸರಿನಲ್ಲಿ ಇರುವವರು ಇಬ್ಬರೇ, ಸ್ಟೈನ್‌ಬೆಕ್ ಮತ್ತು ಚಾರ್ಲಿ. ಆದರೆ ಎಲೇನ್ ಸಿಯಾಟಲ್‌ಗೆ ಬಂದು ಅವನನ್ನು ಕೂಡಿಕೊಂಡಿದ್ದಳು. ಪೆಸಿಫಿಕ್ ತೀರದುದ್ದಕ್ಕೂ ಅವಳು ಜೊತೆಗಿದ್ದಳು. ಮೊದಲ ಹಸ್ತಪ್ರತಿಯಲ್ಲಿ ಅವಳಿದ್ದಾಳೆ; ಅಚ್ಚಾಗುವ ಹೊತ್ತಿಗೆ ಆ ಭಾಗದಿಂದ ಮಾಯವಾಗಿದ್ದಾಳೆ. ಷಿಕಾಗೊದಲ್ಲಿ, ಟೆಕ್ಸಸ್‌ನಲ್ಲಿ ಅವಳು ಬಂದದ್ದನ್ನು ಅವನು ಮುಚ್ಚಿಡಲಿಲ್ಲ. ಒಂಟಿ ಪಯಣಿಗನ ಚಿತ್ರಕ್ಕೆ ಅಷ್ಟು ಸಾಕೆಂದು ತೋರಿತೇನೋ. ಒಂದು ಹೆಂಗಸು ಕಿಟಕಿಯಿಂದ ತಲೆ ಹೊರಗೆ ಹಾಕಿ 'ಜಾಕ್ ಸರಿಯಾಗಿ ಕೂತಿದೆಯಾ ನೋಡಿ' ಎಂದರೆ ಆ ದೃಶ್ಯದ ಗತ್ತು ಉಳಿಯುವುದು ಹೇಗೆ? ಹಾಗೆ ಅಂದಳೋ ಇಲ್ಲವೋ, ನಾನೇ ಕಟ್ಟಿದ ಮಾತು ಇದು. ಆ ಲೇಖಕನ ಸಹವಾಸ.

ಸುಳ್ಳು ಹೇಳಿದನೆಂದು ನನಗೆ ಸಿಟ್ಟಿಲ್ಲ. ಕಾದಂಬರಿಕಾರನ ಕೈಗೆ ಸಿಕ್ಕ ದಾರಿ ನೇರವಾಗಿ ಉಳಿಯುವುದಿಲ್ಲ. ನನ್ನನ್ನು ಕಾಡಿದ್ದು ಅವನು ಯಾರನ್ನು ಉಳಿಸಿಕೊಂಡ, ಯಾರನ್ನು ಇಳಿಸಿದ ಎಂಬುದು. ಮಾತು ಬರುವವಳನ್ನು ತೆಗೆದು ಬಾಯಿಲ್ಲದವನನ್ನು ಇಟ್ಟುಕೊಂಡ. ಚಾರ್ಲಿಯೊಡನೆ ಅವನು ದೇಶದ ಭವಿಷ್ಯ, ಕಾಡು, ಮನುಷ್ಯನ ಮೂರ್ಖತನ ಎಲ್ಲವನ್ನೂ ಚರ್ಚಿಸುತ್ತಾನೆ, ಚಾರ್ಲಿಯ ಉತ್ತರವನ್ನೂ ತಾನೇ ಬರೆಯುತ್ತಾನೆ. ಎಲೇನಳ ಉತ್ತರವನ್ನು ಹಾಗೆ ಬರೆಯಲು ಬರುತ್ತಿರಲಿಲ್ಲ.

ಅವಳ ದನಿ ಪುಸ್ತಕದಲ್ಲಿ ಜೋರಾಗಿ ಕೇಳುವುದು ಒಂದೇ ಕಡೆ. ಸೆಪ್ಟೆಂಬರ್ 12ರಂದು, ದಂಡೆಯ ಮೇಲೆ, ಆ ಗಾಳಿಯಲ್ಲಿ, ಗಂಡ ನೀರಿಗೆ ಇಳಿಯುವ ಮುಂಚೆ.