ಸಮದೃಷ್ಟಿಯೂ ಸಮಪಾಲೂ

ಪಂಕ್ತಿಯಲ್ಲಿ ಕುಳಿತವರೆಲ್ಲರಿಗೂ ಒಂದೇ ಬಗೆಯಾಗಿ ಬಡಿಸತಕ್ಕದ್ದೆಂಬುದು ಈ ನಾಡಿನ ಗೃಹಸ್ಥಧರ್ಮದಲ್ಲಿ ಬಲು ಹಳೆಯ ನಿಯಮ. ಪಂಕ್ತಿಭೇದ ಮಾಡಿದವನನ್ನು ಲೋಕವು ಕಳ್ಳನಿಗಿಂತಲೂ ಕೀಳಾಗಿ ಕಂಡಿದೆ. ಆದರೆ ಜ್ವರ ಬಿಟ್ಟು ಎದ್ದ ಮಗನಿಗೆ ಗಂಜಿಯನ್ನೂ ಉಳಿದವರಿಗೆ ಹೋಳಿಗೆಯನ್ನೂ ಬಡಿಸುವ ತಾಯಿಯ ಮೇಲೆ ಆ ದೋಷವನ್ನು ಯಾರೂ ಹೊರಿಸುವುದಿಲ್ಲ. ಹಾಗಾದರೆ ಸಮತ್ವವೆಂದರೇನು? ಎಲ್ಲರಿಗೂ ಒಂದೇ ಅಳತೆಯನ್ನು ಕೊಡುವುದೇ, ಅಥವಾ ಅವರವರಿಗೆ ತಕ್ಕುದನ್ನು ಕೊಡುವುದೇ? ಎರಡನೆಯದೇ ಸರಿಯೆಂದು ಒಪ್ಪಿದರೂ, ತಕ್ಕುದು ಯಾವುದೆಂದು ನಿರ್ಣಯಿಸುವ ಅಧಿಕಾರ ಯಾರದು? ರಾಜ್ಯಗಳ ಮಟ್ಟದಲ್ಲಿ ಈ ಪ್ರಶ್ನೆಯನ್ನು ಚರ್ಚಿಸಹೊರಟರೆ ಕಾವೇರಿದ ಮಾತುಗಳೇ ಹೆಚ್ಚಾಗಿ ವಿಷಯವು ಮರೆಯಾಗುತ್ತದೆ. ನಾಲ್ಕು ಗಿಡಗಳಿರುವ ಒಂದು ಹಿತ್ತಿಲಿನಲ್ಲಿ ಅದನ್ನು ನೋಡುವುದು ಸುಲಭ.

ಅಂತಹ ಹಿತ್ತಿಲುಗಳು ಕೆನಡಾ ದೇಶದಲ್ಲಿವೆ. ೨೦೧೮ನೆಯ ಇಸವಿ ಅಕ್ಟೋಬರ್ ೧೭ರಿಂದ ಅಲ್ಲಿಯ ಕಾನೂನು ಪ್ರಾಪ್ತವಯಸ್ಕರಿಗೆ ಮನೆಯಲ್ಲಿ ಭಂಗಿಯ ಗಿಡವನ್ನು ಬೆಳೆಸಿಕೊಳ್ಳಲು ಅನುಮತಿಯನ್ನು ಕೊಟ್ಟಿದೆ. ಆದರೆ ಮನೆಯೊಂದಕ್ಕೆ ನಾಲ್ಕೇ ಗಿಡ. ಮನೆಯಲ್ಲಿ ಇಬ್ಬರಿದ್ದರೂ ನಾಲ್ಕು, ಆರು ಜನರಿದ್ದರೂ ನಾಲ್ಕು. (ಕೆಬೆಕ್ ಪ್ರಾಂತವು ಇಷ್ಟನ್ನೂ ಒಪ್ಪದೆ ನಿಷೇಧಿಸಿತು, ೨೦೨೩ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಆ ನಿಷೇಧವನ್ನು ಎತ್ತಿಹಿಡಿಯಿತು.) ೨೦೨೪ರ ಏಪ್ರಿಲ್ ೧ರಿಂದ ಜರ್ಮನಿಯಲ್ಲಿ ಪ್ರಾಪ್ತವಯಸ್ಕನೊಬ್ಬನಿಗೆ ಮೂರು ಗಿಡಗಳ ಲೆಕ್ಕವಿದೆ. ಭಾರತದಲ್ಲಿ ೧೯೮೫ರ ಮಾದಕದ್ರವ್ಯಗಳ ಶಾಸನದಂತೆ ಪರವಾನಗಿಯಿಲ್ಲದೆ ಇದನ್ನು ಬೆಳೆಸುವುದು ಅಪರಾಧವಾದುದರಿಂದ, ಇಲ್ಲಿಯ ವಾಚಕರಿಗೆ ಇದು ಕೃಷಿಯ ಪಾಠವಲ್ಲ. ಗಿಡವೇನೋ ಹೊಸದಲ್ಲ. ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ ಸೋಮ, ದರ್ಭೆ, ಯವಗಳ ಜೊತೆಯಲ್ಲಿ ಭಂಗದ ಹೆಸರೂ ಬಂದಿದೆ. ವೈದ್ಯಗ್ರಂಥಗಳಲ್ಲಿ ಅದೇ ವಿಜಯಾ. ಅಮಲಿನ ಪದಾರ್ಥವನ್ನು ಮನೆಯಲ್ಲಿ ಬೆಳೆಯುವುದು ಒಳಿತೇ ಕೆಡುಕೇ ಎಂಬುದು ಬೇರೆ ಪ್ರಶ್ನೆ, ಬೇರೆ ಲೇಖನಕ್ಕೆ ತಕ್ಕುದು.

ನಾಲ್ಕೇ ಗಿಡವೆಂದಮೇಲೆ ಅಲ್ಲಿಯ ಗೃಹಸ್ಥನು ನಾಲ್ಕನ್ನೂ ಒಂದೇ ತಳಿಯದಾಗಿ ನೆಡುವುದು ಅಪರೂಪ. ಕಾನೂನು ಗಿಡಗಳನ್ನು ಎಣಿಸುತ್ತದೆಯೇ ಹೊರತು ತಳಿಗಳನ್ನು ಎಣಿಸುವುದಿಲ್ಲ. ಆಟವಾ ನಗರದಲ್ಲಿ ಒಬ್ಬನು ನಾಲ್ಕು ಕುಂಡಗಳಲ್ಲಿ ನಾಲ್ಕು ಬಗೆಯನ್ನು ನೆಟ್ಟನೆಂದಿಟ್ಟುಕೊಳ್ಳೋಣ. ಒಂದು ಆಫ್ಘಾನಿಸ್ತಾನದ ಬೆಟ್ಟದ ಕಡೆಯದು: ಕುಳ್ಳು, ಅಗಲವಾದ ಎಲೆ, ಒತ್ತಾದ ಹೂಗೊಂಚಲು, ಬೇಗ ಬಲಿಯುವ ಸ್ವಭಾವ. ಇನ್ನೊಂದು ಕೇರಳ, ಥಾಯ್ಲೆಂಡ್ ಮುಂತಾದ ಉಷ್ಣಪ್ರದೇಶದ್ದು: ಆಳೆತ್ತರವನ್ನೂ ಮೀರಿ ಬೆಳೆಯುವುದು, ಎಲೆ ಸಣ್ಣ, ಹೂವು ಬಲಿಯಲು ತಡ. ಈ ಎರಡೂ ರಾತ್ರಿಗಳು ಉದ್ದವಾದ ಮೇಲೆಯೇ ಹೂವಿಡತಕ್ಕವು. ಜಗಲಿಯ ದೀಪವು ರಾತ್ರಿಯೆಲ್ಲ ಮೇಲೆ ಬಿದ್ದರೆ ಅವಕ್ಕೆ ಕಾಲಜ್ಞಾನವೇ ತಪ್ಪುತ್ತದೆ. ಮೂರನೆಯದು ಉತ್ತರದ ಶೀತಪ್ರದೇಶಗಳ ಕಾಡುಭಂಗಿಯ ರಕ್ತವುಳ್ಳದ್ದು. ಅದು ಹಗಲುರಾತ್ರಿಗಳ ಉದ್ದವನ್ನು ಗಣಿಸದೆ, ಮೊಳೆತ ಕೆಲವು ವಾರಗಳಲ್ಲಿ ತನ್ನ ವಯಸ್ಸಿಗೆ ತಾನೇ ಹೂವಿಡುತ್ತದೆ. ನಾಲ್ಕನೆಯದು ಬೀಜದಿಂದ ಎದ್ದದ್ದು. ಗಂಡೋ ಹೆಣ್ಣೋ ಇನ್ನೂ ಗೊತ್ತಿಲ್ಲ.

ಈತನು ಬಹಳ ನ್ಯಾಯವಂತ. ನಾಲ್ಕಕ್ಕೂ ಒಂದೇ ಚೊಂಬಿನಿಂದ ನೀರು, ಒಂದೇ ಬೊಗಸೆಯಿಂದ ಗೊಬ್ಬರ, ಒಂದೇ ಸಾಲಿನಲ್ಲಿ ಎಡೆ. ಫಲವೇನು? ಎತ್ತರದ ಗಿಡವು ದಕ್ಷಿಣಕ್ಕೆ ನಿಂತಿದ್ದರೆ ಕುಳ್ಳಿನ ಬಿಸಿಲನ್ನೆಲ್ಲ ನುಂಗುತ್ತದೆ. ಹುಲುಸಾಗಿ ಬೆಳೆಯುವ ಗಿಡಕ್ಕೆ ಹಿತವಾದ ಗೊಬ್ಬರವು ಚಿಕ್ಕದರ ಎಲೆಯ ತುದಿಯನ್ನು ಸುಡುತ್ತದೆ. ತುದಿಯನ್ನು ಚಿವುಟಿದರೆ ಎತ್ತರದ ಗಿಡವು ಕವಲೊಡೆದು ಹರಡಿಕೊಳ್ಳುವುದು. ಅದೇ ಉಪಚಾರವನ್ನು ಮೂರನೆಯದಕ್ಕೆ ಮಾಡಿದರೆ, ಗಾಯ ಮಾಯುವುದರೊಳಗೆ ಅದರ ಆಯುಸ್ಸೇ ಮುಗಿಯುತ್ತಾ ಬರುತ್ತದೆ. ಅಳತೆ ತಪ್ಪದೆ ಹಂಚಿದ ಕೈಯಿಂದಲೇ ಎರಡು ಗಿಡಗಳು ಕೆಟ್ಟುವು. ತಿಳಿದ ತೋಟಗಾರನಾದರೋ ಎತ್ತರದ್ದನ್ನು ಉತ್ತರದ ಬದಿಗೆ ಸರಿಸುತ್ತಾನೆ, ಅದರ ಕೊಂಬೆಗಳನ್ನು ಬಾಗಿಸಿ ಕಟ್ಟುತ್ತಾನೆ, ಕುಳ್ಳು ಗಿಡದ ಕುಂಡದ ಕೆಳಗೆ ಎರಡು ಇಟ್ಟಿಗೆಗಳನ್ನಿಡುತ್ತಾನೆ. ಆ ಇಟ್ಟಿಗೆಯನ್ನು ಪಕ್ಷಪಾತವೆಂದು ಕರೆಯುವವನು ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದವನು.

ಇಲ್ಲಿಯವರೆಗೆ ವಿವಾದವಿಲ್ಲ. ಗೀತೆಯ ಐದನೆಯ ಅಧ್ಯಾಯದಲ್ಲಿ ಬ್ರಾಹ್ಮಣ, ಗೋವು, ಆನೆ, ನಾಯಿ, ಶ್ವಪಾಕರಲ್ಲಿ ಪಂಡಿತನು ಸಮವನ್ನು ಕಾಣುವನೆಂದು ಹೇಳಿರುವುದು ದರ್ಶನದ ವಿಷಯವೇ ಹೊರತು ಉಪಚಾರದ ವಿಷಯವಲ್ಲವೆಂದೂ, ಆನೆಯ ಆಹಾರವನ್ನು ನಾಯಿಯ ಮುಂದಿಡುವುದು ಸಮತ್ವವಲ್ಲವೆಂದೂ ಪಂಡಿತರು ವಿವರಿಸುವುದುಂಟು. ಮಾತು ಯುಕ್ತವಾದುದೇ. ಆದರೆ ಇದೇ ಯುಕ್ತಿಯ ನೆರಳಿನಲ್ಲಿ ಎಷ್ಟು ಅನ್ಯಾಯಗಳು ಸುಖವಾಗಿ ಬೆಳೆದವೆಂಬುದನ್ನು ಆ ಪಂಡಿತರು ಅಷ್ಟೇ ಶ್ರದ್ಧೆಯಿಂದ ವಿವರಿಸಲಿಲ್ಲ. ನೋಟದಲ್ಲಿ ಸಮತ್ವ, ನಡತೆಯಲ್ಲಿ ಭೇದ ಎಂದು ಹೇಳಿಕೊಂಡೇ ಮನುಷ್ಯರನ್ನು ಕೆರೆಯ ನೀರಿನಿಂದ ದೂರವಿಟ್ಟದ್ದಾಯಿತು, ಶಾಲೆಯ ಹೊರಗೆ ನಿಲ್ಲಿಸಿದ್ದಾಯಿತು. ಅಷ್ಟು ದೂರವೇಕೆ? ಗಂಡುಮಗುವಿನ ಎಲೆಗೆ ತುಪ್ಪವನ್ನೂ ಹೆಣ್ಣುಮಗುವಿನ ಎಲೆಗೆ ಮಜ್ಜಿಗೆಯನ್ನೂ ಬಡಿಸಿ, ಹೆಣ್ಣುಮಕ್ಕಳಿಗೆ ತುಪ್ಪ ಜೀರ್ಣವಾಗುವುದಿಲ್ಲವೆಂದು ಹೇಳಿದ ಮನೆಗಳು ಸುಸಂಸ್ಕೃತರ ನಡುವೆಯೇ ಇದ್ದುವು. ಗಂಜಿ ಬಡಿಸಿದವಳೂ ಮಜ್ಜಿಗೆ ಬಡಿಸಿದವಳೂ ತಾಯಂದಿರೇ. ಅವರವರಿಗೆ ತಕ್ಕುದನ್ನು ಕೊಟ್ಟೆನೆಂಬುದು ಇಬ್ಬರ ಸಮಾಧಾನವೂ ಹೌದು. ಇವರಿಬ್ಬರನ್ನು ಬೇರ್ಪಡಿಸುವ ಗೆರೆ ಯಾವುದು?

ಭೇದದಿಂದ ಬರುವ ಹಿತವು ಯಾರ ಪಾಲಿಗೆ ಸೇರುತ್ತದೆಂದು ವಿಚಾರಿಸಿದರೆ ಆ ಗೆರೆಯು ಸ್ವಲ್ಪಮಟ್ಟಿಗೆ ಕಾಣಬರುತ್ತದೆ. ಗಂಜಿಯ ಹಿತವು ಕುಡಿದವನಿಗೆ. ಇಟ್ಟಿಗೆಯ ಹಿತವು ಅದರ ಮೇಲೆ ನಿಂತ ಗಿಡಕ್ಕೆ. ಮಜ್ಜಿಗೆಯಿಂದ ಉಳಿದ ತುಪ್ಪವಾದರೋ ಇನ್ನೊಂದು ಎಲೆಗೆ ಹೋಯಿತು. ಇನ್ನು ಆ ನಾಲ್ಕನೆಯ ಗಿಡವನ್ನು ನೋಡಬಹುದು. ಭಂಗಿಯಲ್ಲಿ ಸಾಮಾನ್ಯವಾಗಿ ಗಂಡು ಬೇರೆ, ಹೆಣ್ಣು ಬೇರೆ. ಗಂಡುಹೂವಿನ ಪರಾಗವು ಗಾಳಿಯಲ್ಲಿ ಬಹುದೂರ ಹೋಗುತ್ತದೆ. ತಾಕಿದ ಹೆಣ್ಣುಹೂಗಳೆಲ್ಲ ಬೀಜಗಟ್ಟುತ್ತವೆ. ಬೆಳೆದವನಿಗೆ ಬೇಕಾದದ್ದು ಬೀಜವಿಲ್ಲದ ಹೂಗೊಂಚಲು. ಆದುದರಿಂದ ಗಂಡೆಂದು ತಿಳಿದೊಡನೆ ಕಿತ್ತೊಗೆಯುತ್ತಾನೆ. ಹಿಂದೆ ಬಂಗಾಳದ ನೌಗಾಂವ್ ಸೀಮೆಯಲ್ಲಿ (ಈಗ ಬಾಂಗ್ಲಾದೇಶಕ್ಕೆ ಸೇರಿದುದು) ಗಾಂಜಾ ಹೊಲಗಳಿಗೆ ಇದಕ್ಕಾಗಿಯೇ ಪೊದ್ದಾರನೆಂಬ ತಜ್ಞನನ್ನು ಕೂಲಿ ಕೊಟ್ಟು ಕರೆಸುತ್ತಿದ್ದರು. ಹೂವು ಬಿರಿಯುವುದಕ್ಕೆ ಮೊದಲೇ ಗಂಡನ್ನು ಗುರುತಿಸಿ ಕೀಳುವುದೇ ಅವನ ವೃತ್ತಿ. ೧೮೯೩-೯೪ರಲ್ಲಿ ೧,೧೯೩ ಮಂದಿ ಸಾಕ್ಷಿಗಳನ್ನು ವಿಚಾರಿಸಿದ ಸರಕಾರಿ ಆಯೋಗವು ತನ್ನ ವರದಿಯಲ್ಲಿ ಈತನ ಕೆಲಸವನ್ನು ವರ್ಣಿಸಿದೆ. ಅವನಿಗೆ ಗಾಂಜಾ ವೈದ್ಯನೆಂಬ ಹೆಸರೂ ಇದ್ದಿತು. ರೋಗಿಯನ್ನು ಕೊಲ್ಲುವುದೇ ಕಸುಬಾದವನಿಗೆ ವೈದ್ಯನೆಂಬ ಬಿರುದು ಸಂದದ್ದು ವಿನೋದವೇ ಸರಿ. ಮನುಷ್ಯನು ತನ್ನ ಅನುಕೂಲಕ್ಕೆ ಎಂತೆಂತಹ ಹೆಸರುಗಳನ್ನು ಹುಡುಕುತ್ತಾನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಗಂಡುಗಿಡವನ್ನು ಕೀಳಬಾರದೆಂದು ಇದರಿಂದ ಸಿದ್ಧಿಸುವುದಿಲ್ಲ. ಅದನ್ನು ಉಳಿಸಿದರೆ ತನ್ನ ಉಳಿದ ಗಿಡಗಳಷ್ಟೇ ಅಲ್ಲ, ಬೇಲಿಯಾಚೆಯ ನೆರೆಯವನ ಬೆಳೆಯೂ ಬೀಜಗಟ್ಟುವುದು. ತನ್ನ ಔದಾರ್ಯದ ವೆಚ್ಚವನ್ನು ನೆರೆಯವನ ತಲೆಗೆ ಹಾಕುವ ಹಕ್ಕು ಯಾರಿಗೂ ಇಲ್ಲ. ಕೀಳುವವನು ಕೀಳಲಿ. ಆದರೆ ಇಟ್ಟಿಗೆಯಿಟ್ಟದ್ದನ್ನೂ ಬೇರುಸಹಿತ ಕಿತ್ತದ್ದನ್ನೂ ಒಂದೇ ನ್ಯಾಯದ ಹೆಸರಿನಲ್ಲಿ ಬರೆದುಕೊಳ್ಳದಿರಲಿ. ಮೊದಲನೆಯದು ಗಿಡದ ಕೆಲಸ, ಎರಡನೆಯದು ತನ್ನ ಕೆಲಸ. ಮನೆಯ ಯಜಮಾನನೂ, ಶಾಲೆಯ ಉಪಾಧ್ಯಾಯನೂ, ಕಚೇರಿಯ ಅಧಿಕಾರಿಯೂ ದಿನವೊಂದಕ್ಕೆ ಹತ್ತು ಭೇದಗಳನ್ನು ಮಾಡುತ್ತಾರೆ. ಅವುಗಳಲ್ಲಿ ಯಾವುವು ಇಟ್ಟಿಗೆಗಳು ಎಂಬುದನ್ನು ಎಣಿಸಿಕೊಳ್ಳುವವರು ವಿರಳ.

ತಕ್ಕುದನ್ನು ಕೊಡಬೇಕಾದರೆ ಮೊದಲು ಪಾತ್ರವನ್ನು ಅರಿಯಬೇಕು. ಇಲ್ಲಿ ಇನ್ನೊಂದು ತೊಡಕಿದೆ. ಲಿನ್ನೇಯಸನು ೧೭೫೩ರಲ್ಲಿ ಈ ಗಿಡಕ್ಕೆ ಸತೀವವೆಂದು ಹೆಸರಿಟ್ಟನು. ೧೭೮೫ರಲ್ಲಿ ಲಮಾರ್ಕನು ಭಾರತದಿಂದ ಹೋದ ಮಾದರಿಗಳನ್ನು ನೋಡಿ ಇಂಡಿಕವೆಂಬುದನ್ನು ಬೇರೆಮಾಡಿದನು. ಈ ಎರಡು ಹೆಸರುಗಳ ಮೇಲೆ ಇಂದಿನ ವರ್ತಕರು ಲೆಕ್ಕವಿಲ್ಲದಷ್ಟು ತಳಿಯ ಹೆಸರುಗಳನ್ನು ಪೇರಿಸಿದ್ದಾರೆ. ಆದರೆ ೨೦೧೫ರಲ್ಲಿ ಕೆನಡಾದ ವಿಜ್ಞಾನಿಗಳು ಅಮಲಿನ ಭಂಗಿಯ ೮೧ ಮಾದರಿಗಳನ್ನೂ ನಾರಿನ ಭಂಗಿಯ ೪೩ ಮಾದರಿಗಳನ್ನೂ ಅನುವಂಶಿಕ ಪರೀಕ್ಷೆಗೆ ಒಳಪಡಿಸಿದಾಗ, ತಳಿಯ ಹೆಸರು ಗಿಡದ ನಿಜವಾದ ಕುಲವನ್ನು ಅನೇಕ ವೇಳೆ ಸೂಚಿಸುವುದೇ ಇಲ್ಲವೆಂದು ತಿಳಿದುಬಂದಿತು. ಚೀಟಿಯ ಮೇಲಿನ ಹೆಸರನ್ನು ನಂಬಿ, ಇದು ಕುಳ್ಳು ಜಾತಿ, ಇದಕ್ಕೆ ಇಷ್ಟೇ ಸಾಕು ಎಂದು ನಿರ್ಧರಿಸಿದವನ ಕುಂಡದಲ್ಲಿ ಗಿಡವು ಸೊರಗಿದರೆ ಅದು ಗಿಡದ ದೋಷವಲ್ಲ. ಎಲೆಯನ್ನು ನೋಡಿದವನಿಗೆ ಮಾತ್ರ ಗಿಡ ತಿಳಿಯುತ್ತದೆ. ಅದೂ ಇಂದು ನೋಡಿದರೆ ಸಾಲದು, ನಾಳೆಯೂ ನೋಡಬೇಕು. ಹುಟ್ಟಿದ ಕುಲವನ್ನು ಕೇಳಿಯೇ ಮಗುವಿನ ಬುದ್ಧಿಯನ್ನು ಅಳೆದುಬಿಟ್ಟ ಉಪಾಧ್ಯಾಯರು ಹಿಂದೆ ಕಡಮೆಯಿರಲಿಲ್ಲ. ತಕ್ಕುದನ್ನು ಕೊಡುವ ನ್ಯಾಯವು ಕೆಡುವುದು ಹೆಚ್ಚಾಗಿ ಇಲ್ಲಿಯೇ: ಕೊಡುವ ಕೈ ಚೆನ್ನಾಗಿಯೇ ಇರುತ್ತದೆ, ನೋಡುವ ಕಣ್ಣು ಚೀಟಿಯ ಮೇಲಿರುತ್ತದೆ.

ಗಿಡಕ್ಕೆ ಮಾನಾಪಮಾನಗಳಿಲ್ಲ, ಅದಕ್ಕೆ ನ್ಯಾಯವೆಲ್ಲಿಯದು ಎಂದು ಕೇಳುವವರುಂಟು. ಆಕ್ಷೇಪಣೆ ಸರಿಯಾದುದೇ. ಕುಳ್ಳು ಗಿಡವು ತನಗೆ ಬಿಸಿಲು ತಪ್ಪಿತೆಂದು ದೂರುವುದಿಲ್ಲ. ದೂರಲಾರದವರ ನಡುವೆ ಹಂಚುವವನ ಸ್ವಭಾವವು ಅದರಿಂದಲೇ ಹೆಚ್ಚು ನಿಚ್ಚಳವಾಗಿ ಕಾಣಿಸುತ್ತದೆ.

ಉಷ್ಣದೇಶದ ಆ ಎತ್ತರದ ಗಿಡದ ಮಾತು ಉಳಿಯಿತು. ಅದರ ಹೂವು ಬಲಿಯಬೇಕಾದರೆ ನವೆಂಬರು ದಾಟಬೇಕು. ಆಟವಾದಲ್ಲಿ ಸೆಪ್ಟೆಂಬರಿನ ಕೊನೆಗೋ ಅಕ್ಟೋಬರಿನ ಮೊದಲಿಗೋ ಹಿಮವು ಬೀಳತೊಡಗುತ್ತದೆ. ಆಗ ತೋಟಗಾರನು ಕುಂಡವನ್ನು ಒಳಗೆ ಹೊರುತ್ತಾನೆ, ಬಟ್ಟೆ ಹೊದಿಸುತ್ತಾನೆ. ಪಾಪ, ಬಹಳ ಕಷ್ಟಪಡುತ್ತಾನೆ. ಇಲ್ಲಿ ಸಮಪಾಲಿನಿಂದಲೂ ಪ್ರಯೋಜನವಿಲ್ಲ, ಇಟ್ಟಿಗೆಯಿಂದಲೂ ಪ್ರಯೋಜನವಿಲ್ಲ. ಪಂಕ್ತಿಯಲ್ಲಿ ಹೇಗೆ ಬಡಿಸಬೇಕೆಂಬುದಕ್ಕೆ ಮೊದಲು ಯಾರನ್ನು ಕರೆಯಬೇಕೆಂಬ ವಿಚಾರವೂ ಇದ್ದಿತಷ್ಟೆ. ಮೇ ತಿಂಗಳಿನಲ್ಲಿ ಬೀಜವನ್ನು ಕೈಯಲ್ಲಿ ಹಿಡಿದವನಿಗೆ ಅಕ್ಟೋಬರಿನ ಹಿಮವು ತಿಳಿಯದ ಸಂಗತಿಯೇನಲ್ಲ. ಆ ಕುಂಡದಲ್ಲಿ ಅವನು ಟೊಮೇಟೊ ಹಾಕಿಕೊಂಡಿದ್ದರೆ ಕಾನೂನಿನ ಲೆಕ್ಕಕ್ಕೂ ಬರುತ್ತಿರಲಿಲ್ಲ, ಹಿಮ ಬೀಳುವುದರೊಳಗೆ ಹಣ್ಣೂ ಕೈಗೆ ಬರುತ್ತಿತ್ತು.